ರಸಮಟ್ಟದ ಗುಳ್ಳೆ

ಹಾಲಿಸ್ಟರಿನ ಆರನೇ ಬೀದಿಯ ಅಂಚುಗಲ್ಲು
ನೆಟ್ಟಗೆ ಬಂದು, ಒಂದು ಮನೆಯೆದುರು ಮಾತ್ರ
ಮೊಣಕೈ ಮಡಚಿದ ಹಾಗೆ ಹೊರಳಿಕೊಂಡಿದೆ.
ತಿಂಗಳಿಗೊಮ್ಮೆ ಅಲ್ಲಿ ಕುಕ್ಕುರುಗಾಲಲ್ಲಿ ಕೂತು
ಟೇಪು ಹಿಡಿದು ಅಳೆಯುವುದು ನನ್ನ ಕೆಲಸ.
ಅಳೆದದ್ದನ್ನು ಅಳಿಸುವುದು
ಯುಸೇಬಿಯೊ ಬರಗಾನನ ಕೆಲಸ:
ನಗರಸಭೆಯ ಹಳದಿ ಲಾರಿ, ಒಂದು ಬಾಂಡಲಿ, ಒಂದು ಕರಣೆ.

ಹನ್ನೊಂದು ವರ್ಷ ಹೀಗೇ.
ಅವನು ಮೆತ್ತುವುದು, ನಾನು ಮೊಳೆ ಹೊಡೆಯುವುದು.
ಗಾರೆ ಎಂಬ ನನ್ನ ಮಾತು ಅವನಿಗೆ ಹಿಡಿಸಿ
"ಗಾರ್ರೆ!" ಎಂದು ರಕಾರ ಗುಡುಗಿಸುತ್ತಾನೆ,
ಎದುರುಮನೆಯ ನಾಯಿ ಬಾಲವಾಡಿಸುತ್ತದೆ.

ಅವನ ಮನೆಯೂ ಅದೇ ಬಿರುಕಿನ ಮೇಲೆ.
ಅಡುಗೆಮನೆಯ ಬಾಗಿಲು ಎರಡು ವರ್ಷಕ್ಕೊಮ್ಮೆ
ಚೌಕಟ್ಟನ್ನು ಕಚ್ಚಿಕೊಳ್ಳುತ್ತದೆ; ಕೀಸುಳಿ ಹಾಕಿ ಹೆರೆಯುತ್ತಾನೆ.
ಹೆರೆದ ಸುರುಳಿ ಗುಡಿಸುತ್ತ ಗ್ರಸಿಯೇಲ ಬೈಯುವುದು
ತನ್ನನ್ನೋ ಭೂಮಿಯನ್ನೋ, ಅವನಿಗೇ ತಿಳಿಯದು.

ಒಮ್ಮೆ ಕೇಳಿದ: ಎಲ್ಲರೂ ಹೆದರುವ ಆ ದೊಡ್ಡದು ಇದೇನಾ?
ಅಲ್ಲ, ಅಂದೆ. ಇಲ್ಲೂ ನಡುಗೀತು, ಸುಳ್ಳು ಹೇಳಲಾರೆ,
ಆದರೆ ಇದು ಗೊಣಗುವ ಜಾತಿ,
ಸಾಲದಲ್ಲಿ ಅಷ್ಟಿಷ್ಟು ಆಗಾಗ ತೀರಿಸಿಕೊಳ್ಳುತ್ತದೆ.
ಗೊಣಗದ ಅಣ್ಣನೊಬ್ಬ ತೆಂಕಣಕ್ಕಿದ್ದಾನೆ.
ತೋರಿಸು, ಅಂದ.

ಶನಿವಾರ, ನಾಲ್ಕು ಗಂಟೆ ದಾರಿ. ಬುತ್ತಿ ಅವನದು,
ಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆ.
ಕರೀಸೊ ಬಯಲು: ಒಣಹುಲ್ಲು, ಉಪ್ಪಿನ ಕೆರೆ,
ಬಿರುಕನ್ನು ದಾಟಿ ಪಡುವಣಕ್ಕೆ ಹೋಗುವ
ಒಂದು ತಂತಿಬೇಲಿ.
ಒಂದು ಕಣ್ಣು ಮುಚ್ಚಿ ಕಂಬಸಾಲು ನೋಡಿದ.
ಗಾಡಿಯಿಂದ ರಸಮಟ್ಟ ತಂದು ಕಂಬಕ್ಕೆ ಒತ್ತಿದ.
ಗುಳ್ಳೆ ನಟ್ಟನಡುವೆ ನಿಂತಿತು.
"ಯಾರು ನೆಟ್ಟದ್ದು? ಕಸುಬುದಾರ."

ನೆಟ್ಟಗಿರುವುದೇ ಕೆಟ್ಟ ಸುದ್ದಿ, ಅಂದೆ.
ಆಚೆಯ ಮಗ್ಗುಲು ವರ್ಷಕ್ಕೆ ಎರಡು ಬೆರಳಗಲ
ವಾಯವ್ಯಕ್ಕೆ ಸರಿಯಬೇಕು.
ಆಳದಲ್ಲಿ, ಬಂಡೆಯೇ ಬೆಂದು ಮೆತ್ತಗಾದಲ್ಲಿ, ಸರಿಯುತ್ತಲೇ ಇದೆ.
ಮೇಲಿನ ಎಂಟೊಂಬತ್ತು ಮೈಲಿ ಮಾತ್ರ
ಕಲ್ಲು ಕಲ್ಲನ್ನು ಹಲ್ಲಲ್ಲಿ ಹಿಡಿದು ಬಿಡದೆ ಕೂತಿದೆ.

"ಹಾಗಾದರೆ ಆ ಎರಡು ಬೆರಳು ಎಲ್ಲಿ ಹೋಯಿತು?"

ಎಲ್ಲೂ ಹೋಗಿಲ್ಲ. ನೆಲವೇ ಬಾಗುತ್ತಿದೆ,
ಹೊರೆ ಹೊತ್ತ ಹಲಗೆಯಂತೆ,
ಈ ಬೆಟ್ಟದಿಂದ ಆ ಬೆಟ್ಟದಾಚೆಗೂ ಹರವಿಕೊಂಡು,
ಬೇಲಿಯ ಮೇಲಿನ ಹಕ್ಕಿಗೂ
ನಿನ್ನ ಗುಳ್ಳೆಗೂ ಗೊತ್ತಾಗದಷ್ಟು ಮೆಲ್ಲಗೆ.
ಗೊತ್ತಿರುವುದು ಗುಡ್ಡದ ಮೇಲಿನ ಆ ಬೋರಲು ಬೋಗುಣಿಗೆ.
ಹಗಲಿರುಳೂ ಉಪಗ್ರಹಗಳಿಗೆ ಕಿವಿಗೊಟ್ಟು
ಕೂದಲೆಳೆ ಕೂದಲೆಳೆ ಲೆಕ್ಕ ಬರೆಯುತ್ತದೆ.

ಕೊನೆಯ ಸಲ ಹಲ್ಲು ಬಿಟ್ಟದ್ದು
ಸಾವಿರದ ಎಂಟುನೂರ ಐವತ್ತೇಳರಲ್ಲಿ.
ಬೇಲಿ ಬಂದದ್ದು ಎಷ್ಟೋ ಆಮೇಲೆ.

ಅವನು ಬಾಯಲ್ಲೇ ಗುಣಿಸಿದ,
ಬಿರುಕಿನುದ್ದಕ್ಕೆ ಹುಲ್ಲಲ್ಲಿ ಹೆಜ್ಜೆ ಹಾಕಿದ:
ಆರು, ಏಳು, ಎಂಟು.
ನಿಂತು ತಿರುಗಿದ.
ಅವನಿಗೂ ನನಗೂ ನಡುವಿನ ಅಷ್ಟೂ ಹುಲ್ಲು
ಒಂದೆರಡು ನಿಮಿಷದಲ್ಲಿ ಜಾರಬೇಕಾದದ್ದು.
ಯಾವಾಗ, ಅಂತ ಕೇಳಲಿಲ್ಲ. ಒಳ್ಳೆಯದಾಯಿತು,
ನನ್ನ ಟೇಪಿನಲ್ಲಿ ಆ ಗೀಟು ಇಲ್ಲ.
"ಅಷ್ಟು ಗಾರೆ ಎಲ್ಲಿಂದ ತರೋದು" ಅಂದ,
ಈ ಸಲ ರಕಾರ ಗುಡುಗಲಿಲ್ಲ.
ತಮಾಲೆ ಆರಿಹೋಗಿತ್ತು. ತಿಂದೆವು.

ಮಾರ್ಚಿಯಲ್ಲಿ ಒಂದು ಬೆಳಿಗ್ಗೆ ಫೋನು:
"ಬಾಗಿಲು ಮತ್ತೆ ಕಚ್ಚಿದೆ!"
ಹಿಂದೆ ಗ್ರಸಿಯೇಲಳ ಬೈಗುಳ, ಪೊರಕೆಯ ಸದ್ದು.
ಲಾಟರಿ ಹೊಡೆದವನ ಹಾಗಿತ್ತು ದನಿ.